ಮನೆಯ ಮೊಲ ಮರಿ ಹಾಕಿದಾಗ



ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಮಕ್ಕಳ ಬೇಡಿಕೆಗಳ ಯಾದಿ ಬೆಳೆಯುತ್ತದೆ. ಆ ಯಾದಿಯಲ್ಲಿ ಮೊಲಕ್ಕೂ ಒಂದು ಸ್ಥಾನವುಂಟು. ನಾಯಿ ಬೆಕ್ಕುಗಳ ಆಹಾರ ನಮ್ಮ ಮನೆಗಳಿಗೆ ಒಗ್ಗದು; ಮೊಲವಾದರೆ ಹುಲ್ಲು ಸೊಪ್ಪು ತಿಂದು ತನ್ನ ಪಾಡಿಗೆ ತಾನಿರುವ ಸಾಧು ಪ್ರಾಣಿ ಎಂದು ಅಜ್ಜ ಅಜ್ಜಿಯರೂ ಒಪ್ಪಿಗೆ ಕೊಡುತ್ತಾರೆ. ಒಂಟಿಯಾಗಿದ್ದರೆ ಅದಕ್ಕೆ ಬೇಸರವಾದೀತೆಂದು ಜೋಡಿಯನ್ನೇ ತರುತ್ತಾರೆ. ಎರಡೂ ಹೆಣ್ಣೇ ಎಂದು ಮಾರಿದವನು ಭರವಸೆ ಕೊಟ್ಟಿರುತ್ತಾನೆ. ಕೆಲವು ತಿಂಗಳು ಕಳೆದು ಒಂದು ಮುಂಜಾನೆ ನೋಡಿದರೆ ಗೂಡಿನ ಮೂಲೆಯಲ್ಲಿ ಬಿಳಿ ಕೂದಲಿನ ಗುಡ್ಡೆ. ಅದರೊಳಗೆ ಹೆಬ್ಬೆರಳಿನಷ್ಟು ಉದ್ದದ, ಕೂದಲಿಲ್ಲದ, ಕಣ್ಣು ಮುಚ್ಚಿದ ಐದಾರು ಜೀವಗಳು!

ಮನೆಯಲ್ಲಿ ಸಂಭ್ರಮವೂ ಗಾಬರಿಯೂ ಒಟ್ಟಿಗೇ ಹುಟ್ಟುತ್ತವೆ. ತಾಯಿ ಮರಿಗಳ ಹತ್ತಿರ ಸುಳಿಯುವುದೇ ಇಲ್ಲ, ಬೇರೆ ಮೂಲೆಯಲ್ಲಿ ಹಾಯಾಗಿ ಕುಳಿತಿದೆ ಎಂಬುದು ಎಲ್ಲರ ಮೊದಲ ಆತಂಕ. ಪಾಪ, ಹಸಿದಿರಬೇಕೆಂದು ಮಕ್ಕಳು ಮರಿಗಳನ್ನು ಹೊರಗೆ ತೆಗೆಯುತ್ತಾರೆ. ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿಯುತ್ತಾರೆ. ಎರಡು ಮೂರು ದಿನದಲ್ಲಿ ಮರಿಗಳು ಒಂದೊಂದಾಗಿ ಸಾಯುತ್ತವೆ. ಯಾಕೆ ಸತ್ತವೆಂದು ಯಾರಿಗೂ ತಿಳಿಯುವುದಿಲ್ಲ. ಮಕ್ಕಳು ಮಾತ್ರ ಬಹಳ ದಿನ ಅಳುತ್ತವೆ. ಮನೆಯವರ ಕರುಣೆಯಲ್ಲಿ ಕೊರತೆಯೇನೂ ಇರಲಿಲ್ಲ. ಆ ಪ್ರಾಣಿಯ ರೀತಿ ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಆದ್ದರಿಂದ ಈ ತಿಂಗಳು ಮೊಲದ ಮರಿಗಳನ್ನು ಹುಟ್ಟಿದಂದಿನಿಂದ ಬೆಳೆದು ನಿಲ್ಲುವವರೆಗೆ ನೋಡಿಕೊಳ್ಳುವ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇವೆ.

ತಾಯಿ ದೂರ ಕುಳಿತಿರುವುದೇಕೆ?

ನಾವು ಮನೆಯಲ್ಲಿ ಸಾಕುವ ಮೊಲದ ಮೂಲ ಸ್ಪೇನ್, ಪೋರ್ಚುಗಲ್ ದೇಶಗಳ ಕಡೆಯದು. ಅಲ್ಲಿಯ ಕಾಡುಮೊಲ ನೆಲದಲ್ಲಿ ಬಿಲ ತೋಡಿ ಮರಿ ಹಾಕುತ್ತದೆ. ಹಾಕಿದ ಮೇಲೆ ಬಿಲದ ಬಾಯಿಗೆ ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ದಿನಕ್ಕೆ ಒಮ್ಮೆ, ಅಪರೂಪಕ್ಕೆ ಎರಡು ಸಲ, ರಾತ್ರಿಯಲ್ಲೋ ನಸುಕಿನಲ್ಲೋ ಬಂದು ಮೂರರಿಂದ ಐದು ನಿಮಿಷ ಹಾಲೂಡಿಸಿ ಮತ್ತೆ ಬಾಯಿ ಮುಚ್ಚಿ ಹೋಗುತ್ತದೆ. ಪದೇ ಪದೇ ಬಂದರೆ ಅದರ ವಾಸನೆ ಹಿಡಿದು ನರಿಯಂಥ ಪ್ರಾಣಿಗಳು ಮರಿಗಳನ್ನು ಕಂಡುಹಿಡಿಯುತ್ತವೆ. ದೂರವಿರುವುದೇ ಮೊಲಕ್ಕೆ ಮರಿಗಳನ್ನು ಕಾಪಾಡುವ ದಾರಿ.

ಎಷ್ಟೋ ತಲೆಮಾರು ಗೂಡಿನಲ್ಲಿ ಬೆಳೆದರೂ ಸಾಕುಮೊಲ ಈ ರೂಢಿಯನ್ನು ಬಿಟ್ಟಿಲ್ಲ. ಹಸುವಿನಂತೆ ಅದು ಮರಿಯನ್ನು ನೆಕ್ಕುತ್ತಾ ನಿಲ್ಲುವುದಿಲ್ಲ, ಬೆಕ್ಕಿನಂತೆ ಮಗ್ಗುಲಲ್ಲಿ ಮಲಗಿಸಿಕೊಳ್ಳುವುದೂ ಇಲ್ಲ. ನಾವು ಮಲಗಿದ್ದಾಗ ಬಂದು ಹಾಲೂಡಿಸಿ ಹೋಗಿರುತ್ತದೆ. ಹಗಲೆಲ್ಲ ತಾಯಿ ಮರಿಗಳ ಕಡೆ ತಿರುಗಿ ನೋಡಲಿಲ್ಲವೆಂದರೆ ಅದು ಕೆಟ್ಟ ತಾಯಿಯೆಂದು ಅರ್ಥವಲ್ಲ. ಹಾಲು ಸಿಕ್ಕಿದೆಯೋ ಇಲ್ಲವೋ ಎಂಬುದನ್ನು ಮರಿಯ ಹೊಟ್ಟೆ ನೋಡಿ ತಿಳಿಯಬೇಕು. ಕುಡಿದ ಮರಿಯ ಹೊಟ್ಟೆ ಗುಂಡಗೆ ಬಿಗಿಯಾಗಿರುತ್ತದೆ. ತೆಳು ಚರ್ಮದೊಳಗೆ ಹಾಲಿನ ಬಿಳುಪು ಕಾಣುವುದೂ ಉಂಟು. ಹಸಿದ ಮರಿಯ ಹೊಟ್ಟೆ ಒಳಗೆ ಹೋಗಿ ಚರ್ಮ ಸುಕ್ಕುಗಟ್ಟಿರುತ್ತದೆ.

ಹೆರಿಗೆಗೆ ಮುಂಚಿನ ಸಿದ್ಧತೆ

ಮೊಲದ ಗರ್ಭದ ಅವಧಿ ಸುಮಾರು 30ರಿಂದ 32 ದಿನ. ಹೆರಿಗೆ ಹತ್ತಿರ ಬಂದಾಗ ಹೆಣ್ಣು ಮೊಲ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ತಿರುಗುತ್ತದೆ, ತನ್ನ ಹೊಟ್ಟೆಯ ಕೂದಲನ್ನು ತಾನೇ ಕಿತ್ತು ಮೂಲೆಯಲ್ಲಿ ಹಾಸುತ್ತದೆ. ಇದನ್ನು ಕಂಡು ಚರ್ಮರೋಗವೆಂದು ಹೆದರಬೇಕಿಲ್ಲ. ಆ ಕೂದಲೇ ಮರಿಗಳ ಹಾಸಿಗೆ, ಹೊದಿಕೆ. ಅದನ್ನು ಕಸವೆಂದು ಗುಡಿಸಿ ಎಸೆಯಬಾರದು.

ಈ ಹೊತ್ತಿಗೆ ಒಂದು ಹೆರಿಗೆ ಪೆಟ್ಟಿಗೆಯನ್ನು ಇಟ್ಟುಕೊಡಬೇಕು. ದುಬಾರಿಯದೇನೂ ಬೇಡ. ಅಂಗಡಿಗೆ ಸಾಮಾನು ಬಂದ ಗಟ್ಟಿ ರಟ್ಟಿನ ಪೆಟ್ಟಿಗೆ ಅಥವಾ ಹಣ್ಣಿನ ಮರದ ಪೆಟ್ಟಿಗೆ ಸಾಕು. ಮರದ್ದಾದರೆ ಮೊಳೆ, ಸಿಬಿರು ಇಲ್ಲದಂತೆ ನೋಡಿಕೊಳ್ಳಿ. ತಾಯಿ ಒಳಗೆ ತಿರುಗುವಷ್ಟು ಅಗಲವಿದ್ದರೆ ಸಾಕು, ತೀರ ದೊಡ್ಡದಾದರೆ ಮರಿಗಳು ಚದರಿ ಚಳಿ ಹಿಡಿಯುತ್ತವೆ. ಮುಂದಿನ ಬದಿ ಐದಾರು ಅಂಗುಲ ಎತ್ತರವಿರಲಿ. ತಾಯಿ ಸಲೀಸಾಗಿ ಹಾರಿ ಹೋಗಬೇಕು, ಮರಿ ಉರುಳಿ ಹೊರಗೆ ಬರಬಾರದು. ತಳಕ್ಕೆ ಒಣಗಿದ ಮೆತ್ತನೆಯ ಹುಲ್ಲನ್ನು ದಪ್ಪವಾಗಿ ಹಾಸಿ. ಹತ್ತಿ, ಉಲ್ಲನ್ ದಾರ, ಚಿಂದಿ ಬಟ್ಟೆ ಬೇಡ. ಎಳೆಗಳು ಮರಿಯ ಕಾಲಿಗೂ ಕುತ್ತಿಗೆಗೂ ಸುತ್ತಿಕೊಳ್ಳುತ್ತವೆ. ಪ್ಲಾಸ್ಟಿಕ್ ಹಾಳೆ ಅಥವಾ ಬರಿಯ ಪತ್ರಿಕೆಯ ಕಾಗದದ ಮೇಲೆ ಮರಿಗಳ ಕಾಲು ಜಾರಿ, ಕಾಲುಗಳು ಅಗಲಕ್ಕೆ ತಿರುಗಿ ಹಾಗೆಯೇ ನಿಂತುಬಿಡುವುದುಂಟು.

ಗಂಡು ಮೊಲವನ್ನು ಹೆರಿಗೆಗೆ ಮುಂಚೆಯೇ ಬೇರೆ ಗೂಡಿಗೆ ಹಾಕುವುದು ಬಹಳ ಮುಖ್ಯ. ಗಂಡು ಮರಿಗಳನ್ನು ಕೊಲ್ಲುತ್ತದೆಂಬ ಭಯ ಇದಕ್ಕೆ ಕಾರಣವಲ್ಲ. ಹೆತ್ತ ದಿನವೇ ಹೆಣ್ಣು ಮೊಲ ಮತ್ತೆ ಗಬ್ಬ ಕಟ್ಟಬಲ್ಲದು. ಒಡಲಲ್ಲಿ ಒಂದು ಸೂಲು, ಮೊಲೆಯಲ್ಲಿ ಇನ್ನೊಂದು ಸೂಲು ಎಂದಾದರೆ ತಾಯಿ ಸೊರಗುತ್ತದೆ, ಮರಿಗಳೂ ಸೊರಗುತ್ತವೆ.

ಮೊದಲ ಹತ್ತು ದಿನ

ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಮರಿಗಳು. ತಳಿಗೆ ತಕ್ಕಂತೆ ಒಂದೊಂದು 30ರಿಂದ 60 ಗ್ರಾಂ ತೂಗುತ್ತದೆ. ಕಣ್ಣು ಕಾಣದು, ಕಿವಿ ಕೇಳದು. ತಮ್ಮ ಮೈ ಬಿಸಿಯನ್ನು ತಾವೇ ಕಾಯ್ದುಕೊಳ್ಳುವ ಶಕ್ತಿಯೂ ಇಲ್ಲ. ಒಂದಕ್ಕೊಂದು ಅಂಟಿಕೊಂಡು, ತಾಯಿಯ ಕೂದಲಿನೊಳಗೆ ಹೂತುಕೊಂಡಿದ್ದರೆ ಮಾತ್ರ ಬದುಕುತ್ತವೆ. ಎಳೆ ಮರಿಗಳ ದೊಡ್ಡ ಶತ್ರು ಚಳಿ.

ಹೆರಿಗೆಯಾದ ದಿನ ತಾಯಿಗೆ ಹುಲ್ಲು ಕೊಟ್ಟು ಆ ಕಡೆ ಗಮನ ಸೆಳೆದು ಮನೆಯ ಹಿರಿಯರೊಬ್ಬರು ಒಮ್ಮೆ ಗೂಡು ನೋಡಬೇಕು. ಕೈ ತೊಳೆದು, ವಾಸನೆಯ ಸಾಬೂನಿನ ಗಂಧ ಹೋಗುವಂತೆ ಗೂಡಿನ ಹುಲ್ಲಿಗೆ ಕೈ ಉಜ್ಜಿಕೊಳ್ಳಿ. ಮನುಷ್ಯರು ಮುಟ್ಟಿದರೆ ತಾಯಿ ಮರಿಗಳನ್ನು ಬಿಟ್ಟುಬಿಡುತ್ತದೆಂಬ ಮಾತು ಮನೆಯವರಿಗೆ ಹೊಂದಿಕೊಂಡ ಸಾಕುಮೊಲದ ಮಟ್ಟಿಗೆ ನಿಜವಲ್ಲ. ಆದರೆ ನೆರೆಹೊರೆಯವರೆಲ್ಲ ಬಂದು ನೋಡುವುದು, ಮಕ್ಕಳು ಕೈಯಿಂದ ಕೈಗೆ ದಾಟಿಸುವುದು, ಫೋಟೋ ತೆಗೆಯಲು ಹೊರಗಿಡುವುದು ನಿಜಕ್ಕೂ ಅಪಾಯ. ತಾಯಿ ಗಾಬರಿಯಾಗಿ ಮರಿಗಳನ್ನು ತುಳಿಯುತ್ತದೆ, ಮರಿಗಳು ತಣ್ಣಗಾಗುತ್ತವೆ.

ಮರಿಗಳನ್ನು ಎಣಿಸಿ. ಸತ್ತ ಮರಿ ಇದ್ದರೆ ಕೂಡಲೇ ತೆಗೆಯಿರಿ. ಹಸಿಯಾದ ಹುಲ್ಲನ್ನು ಬದಲಿಸಿ ಕೂದಲನ್ನು ಮೊದಲಿನಂತೆ ಮುಚ್ಚಿ. ಬಳಿಕ ದಿನಕ್ಕೆ ಒಂದು ಸಲ ನೋಡಿದರೆ ಸಾಕು. ಹಾಲು ಕುಡಿಯುವಾಗ ಮೊಲೆಗೆ ಕಚ್ಚಿಕೊಂಡ ಮರಿ ತಾಯಿ ಎದ್ದಾಗ ಅದರೊಡನೆ ಹೊರಗೆ ಬಂದು ಬಿದ್ದಿರುವುದುಂಟು. ಮೊಲ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿ ಒಳಗೆ ತರುವುದಿಲ್ಲ. ನಾವೇ ಎತ್ತಿಡಬೇಕು. ಅದು ತಣ್ಣಗಾಗಿದ್ದರೆ ಮೊದಲು ಅಂಗೈಗಳ ನಡುವೆ ಹಿಡಿದು ಅಥವಾ ಬೆಚ್ಚಗಿನ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು ಬಿಸಿ ಮಾಡಬೇಕು. ತಣ್ಣಗಾದ ಮರಿಯ ಬಾಯಿಗೆ ಏನನ್ನೂ ಹಾಕಬಾರದು. ಮೈ ಬಿಸಿಯಿಲ್ಲದಾಗ ಅದಕ್ಕೆ ಹಾಲು ಜೀರ್ಣವಾಗದು.

ಹಾಲಿನ ಮಾತು ಬಂದಾಗ ಇದನ್ನೂ ಹೇಳಬೇಕು. ಮೊಲದ ಹಾಲು ಬಲು ಗಟ್ಟಿ. ಹಸುವಿನ ಹಾಲಿನಲ್ಲಿ ನೂರಕ್ಕೆ ನಾಲ್ಕರಷ್ಟು ಕೊಬ್ಬಿದ್ದರೆ ಮೊಲದ ಹಾಲಿನಲ್ಲಿ ಹತ್ತಕ್ಕೂ ಹೆಚ್ಚು. ಸಕ್ಕರೆಯ ಅಂಶ ಮಾತ್ರ ಬಹಳ ಕಡಿಮೆ. ದಿನಕ್ಕೆ ಒಂದೇ ಸಲದ ಆ ಐದು ನಿಮಿಷದ ಹಾಲಿನಲ್ಲಿ ಮರಿ ಬೆಳೆಯುವ ಗುಟ್ಟು ಇದೇ. ಹಸುವಿನ ಹಾಲು, ಅದರಲ್ಲೂ ಸಕ್ಕರೆ ಬೆರೆಸಿದ ಹಾಲು, ಎಳೆ ಮರಿಯ ಹೊಟ್ಟೆ ಕೆಡಿಸುತ್ತದೆ. ಬತ್ತಿಯಿಂದಲೋ ಶಾಯಿ ಹಾಕುವ ಫಿಲ್ಲರಿನಿಂದಲೋ ಹಾಕಿದ ಹಾಲು ಎಷ್ಟೋ ಸಲ ಶ್ವಾಸಕೋಶಕ್ಕೆ ಇಳಿದು ಮರಿ ಸಾಯುತ್ತದೆ. ತಾಯಿ ಇರುವಾಗ, ಹೊಟ್ಟೆ ತುಂಬಿರುವಾಗ ನಾವು ಹಾಲು ಕುಡಿಸಲು ಹೋಗಲೇಬಾರದು.

ತೂಕದ ವಹಿ

ಲೆಕ್ಕ ಬರೆಯುವುದು ನಮ್ಮ ಮನೆತನಗಳಿಗೆ ಹೊಸದೇನಲ್ಲ. ಮರಿಗಳಿಗೂ ಒಂದು ವಹಿ ಇಡಿ ಎಂದು ನಾವು ಸಲಹೆ ಕೊಡುತ್ತೇವೆ. ಅಂಗಡಿಯಲ್ಲಿ ಏಲಕ್ಕಿ ಲವಂಗ ತೂಗುವಂಥ, ಒಂದೊಂದು ಗ್ರಾಂ ತೋರಿಸುವ ಇಲೆಕ್ಟ್ರಾನಿಕ್ ತಕ್ಕಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮೇಲೆ ಬೆಚ್ಚನೆಯ ಬಟ್ಟೆ ಹಾಸಿದ ಚಿಕ್ಕ ಡಬ್ಬಿ ಇಟ್ಟು, ದಿನವೂ ಒಂದೇ ಹೊತ್ತಿಗೆ ಒಂದೊಂದು ಮರಿಯನ್ನು ತೂಗಿ ಕೂಡಲೇ ಗೂಡಿಗೆ ಸೇರಿಸಿ. ಎಲ್ಲ ಸೇರಿ ಐದು ನಿಮಿಷದಲ್ಲಿ ಮುಗಿಯಬೇಕು. ಗುರುತಿಗೆ ಮೈಮೇಲಿನ ಮಚ್ಚೆಯನ್ನು ಬರೆದುಕೊಳ್ಳಿ.

ಆರೋಗ್ಯದ ಮರಿ ದಿನವೂ ಏರುತ್ತದೆ; ಸುಮಾರು ಒಂದು ವಾರದಲ್ಲಿ ಹುಟ್ಟಿದ ತೂಕದ ಎರಡರಷ್ಟಾಗುತ್ತದೆ. ಒಂದು ದಿನ ಏರದಿದ್ದರೆ ಗಮನಿಸಿ. ಎರಡನೆಯ ದಿನವೂ ಇಳಿದರೆ ಪಶುವೈದ್ಯರಲ್ಲಿ ಕೇಳಿ. ಎಲ್ಲ ಮರಿಗಳೂ ಇಳಿದರೆ ತಾಯಿಗೆ ಹಾಲಿಲ್ಲ ಅಥವಾ ಕೆಚ್ಚಲು ಬಾವು ಬಂದಿದೆ ಎಂದು ಶಂಕಿಸಬೇಕು. ಒಂದೇ ಮರಿ ಇಳಿದರೆ ದೊಡ್ಡ ಮರಿಗಳು ಅದನ್ನು ನೂಕುತ್ತಿವೆ ಎಂದರ್ಥ. ಕಣ್ಣಿಗೆ ಕಾಣುವ ಮೊದಲೇ ಅಂಕಿ ಹೇಳಿಬಿಡುತ್ತದೆ. ತೂಗುವ ಕೆಲಸ ಹಿರಿಯರದು, ಬರೆಯುವ ಕೆಲಸ ಮಕ್ಕಳದು ಎಂದು ಹಂಚಿಕೊಂಡರೆ ಮುಟ್ಟುವ ಆಸೆಯೂ ಹತೋಟಿಯಲ್ಲಿರುತ್ತದೆ.

ಗೂಡಿನ ಸುತ್ತ ಹಾಲಿನ ವಾಸನೆಗೆ ಇರುವೆ ಮುತ್ತದಂತೆ ಶುಚಿಯಾಗಿಡಿ. ಇರುವೆ ಬಂದರೆ ಮದ್ದಿನ ಸೀಮೆಸುಣ್ಣ ಎಳೆಯಬೇಡಿ, ಅದು ಮರಿಗಳಿಗೂ ವಿಷ. ಪೆಟ್ಟಿಗೆಯ ಜಾಗ ಬದಲಿಸಿ, ಸುತ್ತ ಅರಿಶಿನದ ಗೆರೆ ಹಾಕಿ. ಇಲಿ, ಬೆಕ್ಕು, ಕಾಗೆಗಳಿಂದ ಕಾಪಾಡಲು ಸಣ್ಣ ಕಣ್ಣಿನ ಜಾಳಿಗೆ ಅಗತ್ಯ.

ಕಣ್ಣು ತೆರೆದ ಮೇಲೆ

ನಾಲ್ಕನೆಯ ದಿನದ ಹೊತ್ತಿಗೆ ಮೈಮೇಲೆ ಮಖಮಲ್ಲಿನಂಥ ನವಿರು ಕೂದಲು ಮೂಡುತ್ತದೆ. ಹತ್ತರಿಂದ ಹನ್ನೆರಡನೆಯ ದಿನಕ್ಕೆ ಕಣ್ಣು ತೆರೆಯುತ್ತದೆ. ಹದಿನಾಲ್ಕು ದಿನವಾದರೂ ಕಣ್ಣು ಅಂಟಿಕೊಂಡಿದ್ದರೆ ಕಾಯಿಸಿ ಆರಿಸಿದ ಉಗುರು ಬೆಚ್ಚಗಿನ ನೀರಿನಲ್ಲಿ ಅರಳೆ ಅದ್ದಿ ಮೆಲ್ಲಗೆ ಒರೆಸಿ. ಕೀವು ಕಂಡರೆ ವೈದ್ಯರಿಗೆ ತೋರಿಸಿ. ಬಲವಂತವಾಗಿ ರೆಪ್ಪೆ ಬಿಡಿಸಬಾರದು.

ಎರಡು ವಾರ ದಾಟಿದ ಮೇಲೆ ಮರಿಗಳು ಒಂದೊಂದಾಗಿ ಪೆಟ್ಟಿಗೆಯಿಂದ ಹೊರಗೆ ಇಣುಕುತ್ತವೆ. ಮಕ್ಕಳು ಕಾಯುತ್ತಿದ್ದ ದಿನ ಇದೇ. ಈಗ ದಿನಕ್ಕೆ ಕೆಲವು ನಿಮಿಷ ಮೆಲ್ಲಗೆ ಕೈಗೆ ತೆಗೆದುಕೊಂಡರೆ ಮರಿಗಳಿಗೆ ಮನುಷ್ಯರ ರೂಢಿಯಾಗುತ್ತದೆ. ಮಗು ನೆಲದ ಮೇಲೆ ಕುಳಿತೇ ಹಿಡಿಯಬೇಕು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಬೇಕು. ಕಿವಿ ಹಿಡಿದು ಎತ್ತುವುದು ಸಂತೆಯಲ್ಲಿ ಮಾರುವವರ ಪದ್ಧತಿ, ಅದು ಕ್ರೌರ್ಯ. ಮೊಲದ ಎಲುಬು ಹಗುರ, ಹಿಂಗಾಲಿನ ಬಲ ಹೆಚ್ಚು. ಹೆದರಿ ಒದ್ದಾಡಿದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು.

ತಿನ್ನಲು ಕಲಿಯುವ ಕಾಲ

ಮೂರನೆಯ ವಾರದಿಂದ ಮರಿಗಳು ತಾಯಿಯನ್ನು ನೋಡಿ ಹುಲ್ಲು ಕಡಿಯಲು ಕಲಿಯುತ್ತವೆ. ತಾಯಿಯ ಹಾಲು ಮೂರು ವಾರದ ಹೊತ್ತಿಗೆ ತುಂಬಿ ಬಂದು ಆಮೇಲೆ ಇಳಿಯುತ್ತದೆ. ಆದರೂ ಆರರಿಂದ ಎಂಟು ವಾರದವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮುದ್ದಾಗಿರುವಾಗಲೇ ಮಾರಾಟವಾಗಲಿ ಎಂದು ನಾಲ್ಕು ವಾರಕ್ಕೇ ಮರಿಗಳನ್ನು ಅಂಗಡಿಗೆ ತರುವವರಿದ್ದಾರೆ. ಅಂಥ ಮರಿ ಮನೆಗೆ ಬಂದು ಒಂದು ವಾರದೊಳಗೆ ಭೇದಿಯಾಗಿ ಸತ್ತರೆ ಆಶ್ಚರ್ಯವಿಲ್ಲ. ಹಾಲು ಬಿಡುವ ಈ ವಾರಗಳಲ್ಲಿ ಹೊಟ್ಟೆಯೊಳಗಿನ ಉಪಕಾರಿ ಸೂಕ್ಷ್ಮಜೀವಿಗಳು ಇನ್ನೂ ನೆಲೆಯೂರಿರುವುದಿಲ್ಲ.

ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ಒಣ ಗುಂಡು. ಇನ್ನೊಂದು ಮೆತ್ತಗೆ ದ್ರಾಕ್ಷಿ ಗೊಂಚಲಿನಂಥದು. ಎರಡನೆಯದನ್ನು ಅದು ತಾನೇ ತಿನ್ನುತ್ತದೆ. ಒಮ್ಮೆ ಅರ್ಧ ಜೀರ್ಣವಾದುದನ್ನು ಎರಡನೆಯ ಸಲ ಜೀರ್ಣಿಸುವ ಕ್ರಮ ಅದು, ಹಸು ಮೆಲುಕು ಹಾಕಿದ ಹಾಗೆ. ಮರಿಗಳೂ ತಾಯಿಯ ಹಿಕ್ಕೆಯನ್ನು ಕಡಿದು ಬೇಕಾದ ಸೂಕ್ಷ್ಮಜೀವಿಗಳನ್ನು ಪಡೆಯುತ್ತವೆ. ಹಿರಿಯರು ಇದನ್ನು ಕಂಡು ಅಸಹ್ಯಪಟ್ಟು ತಡೆಯಬಾರದೆಂದು ವಿನಂತಿ.

ಆಹಾರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಒಣಹುಲ್ಲು ಇರಬೇಕು, ಅದು ಹಗಲು ರಾತ್ರಿ ಎದುರಿಗಿರಬೇಕು. ಗರಿಕೆ ಉತ್ತಮ. ಕುದುರೆ ಮಸಾಲೆ ಸೊಪ್ಪು ಬೆಳೆಯುವ ಮರಿಗಳಿಗೆ ಒಳ್ಳೆಯದು. ಆರು ತಿಂಗಳ ಮೇಲೆ ಕಡಿಮೆ ಮಾಡಬೇಕು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕಡೆಯವರಿಗೆ ಒಂದು ಎಚ್ಚರಿಕೆ: ಎಳೆಯ ಹಸಿ ಜೋಳದ ಪೈರನ್ನು ದನಕ್ಕೆ ಹಾಕಬಾರದೆಂದು ರೈತರು ಹೇಳುವುದನ್ನು ನೀವು ಕೇಳಿರಬಹುದು. ಅದರಲ್ಲಿನ ವಿಷ ಮೊಲಕ್ಕೂ ವಿಷವೇ. ಕೊತ್ತಂಬರಿ, ಪುದೀನದಂಥ ಸೊಪ್ಪನ್ನು ಮೂರು ತಿಂಗಳಾದ ಮೇಲೆ ಒಂದೊಂದಾಗಿ, ಎರಡೇ ಎಲೆಯಿಂದ ಆರಂಭಿಸಿ ರೂಢಿಸಿ. ಹಿಕ್ಕೆ ಸಡಿಲವಾದರೆ ಆ ಸೊಪ್ಪು ನಿಲ್ಲಿಸಿ. ಬ್ರೆಡ್ಡು, ಬಿಸ್ಕತ್ತು, ಚೂಡಾ, ಅನ್ನ, ಸಿಹಿ ತಿಂಡಿ ಯಾವುದೂ ಬೇಡ.

ಇಲ್ಲಿ ಗಜ್ಜರಿಯ ಪ್ರಶ್ನೆ ಬರುತ್ತದೆ. ಕಂದಮೂಲ ವರ್ಜ್ಯವಾದ ನಮ್ಮ ಮನೆಗಳಲ್ಲಿ ಗಜ್ಜರಿ ತರುವುದಿಲ್ಲ. ಚಿತ್ರದ ಪುಸ್ತಕ ನೋಡಿದ ಮಕ್ಕಳು 'ಮೊಲಕ್ಕಾದರೂ ತಂದುಕೊಡಿ' ಎಂದು ಹಟ ಹಿಡಿಯುತ್ತಾರೆ. ಅಜ್ಜಿಗೆ ಇಕ್ಕಟ್ಟು: ತಂದರೆ ನೇಮಕ್ಕೆ ವಿರುದ್ಧ, ತರದಿದ್ದರೆ ಮೂಕಪ್ರಾಣಿಯನ್ನು ಉಪವಾಸ ಕೆಡವಿದ ಪಾಪ! ಅಂಥವರು ನಿಶ್ಚಿಂತೆಯಿಂದಿರಬಹುದು. ಮೊಲಕ್ಕೆ ಗಜ್ಜರಿ ಬೇಕಾಗಿಯೇ ಇಲ್ಲ. ಅದರಲ್ಲಿ ಸಕ್ಕರೆ ಹೆಚ್ಚು, ನಾರು ಕಡಿಮೆ. ಅತಿಯಾದರೆ ಹೊಟ್ಟೆಯೂ ಕೆಡುತ್ತದೆ, ಹಲ್ಲೂ ಕೆಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಂತೂ ಮೊಲಕ್ಕೆ ಹಾನಿಕರವೇ. ಈ ಒಂದು ವಿಷಯದಲ್ಲಿ ನಮ್ಮ ಅಡುಗೆಮನೆಯೂ ಮೊಲದ ಹೊಟ್ಟೆಯೂ ಚೆನ್ನಾಗಿ ಹೊಂದುತ್ತವೆ.

ಹೊಂದದ ವಿಷಯವೂ ಒಂದಿದೆ. ಸೂರ್ಯಾಸ್ತದೊಳಗೆ ಊಟ ಮುಗಿಸುವುದು ನಮ್ಮ ನೇಮ. ಮೊಲ ಚುರುಕಾಗುವುದೇ ಮುಸ್ಸಂಜೆ ಮತ್ತು ನಸುಕಿನಲ್ಲಿ. ನಮ್ಮ ನೇಮವನ್ನು ಅದರ ಮೇಲೆ ಹೇರಬಾರದು. ಸಂಜೆಗೆ ನೀವು ಊಟಕ್ಕೆ ಕೂಡುವ ಮೊದಲು ರಾತ್ರಿಗೆಲ್ಲ ಸಾಕಾಗುವಷ್ಟು ಹುಲ್ಲು ತುಂಬಿ, ಸೋಸಿದ ಹೊಸ ನೀರನ್ನು ಮರಿ ಬಿದ್ದು ಮುಳುಗದಂಥ ತಗ್ಗು ಬಟ್ಟಲಲ್ಲಿ ಇಡಿ.

ಬಿಸಿಲು, ಮಳೆ, ಚಳಿ

ನಮ್ಮ ಓದುಗರ ಊರುಗಳ ಹವೆ ಒಂದೇ ಅಲ್ಲ. ಸೊಲ್ಲಾಪುರ, ಆದವಾನಿ, ರಾಯದುರ್ಗದ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಮೊಲಕ್ಕೆ 30 ದಾಟಿದರೇ ಕಷ್ಟ, 35ಕ್ಕೆ ಜೀವಕ್ಕೆ ಸಂಚಕಾರ. ತಗಡಿನ ಚಪ್ಪರದ ಕೆಳಗೆ, ಮಾಳಿಗೆಯ ಮೇಲೆ ಗೂಡಿಡಬೇಡಿ. ಪಡಸಾಲೆಯ ತಂಪು ಮೂಲೆಗೆ ತನ್ನಿ, ಒದ್ದೆ ಗೋಣಿ ತಾಟು ಇಳಿಬಿಡಿ, ಗಾಳಿಯಾಡಲಿ. ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆ ಸುತ್ತಿ ತಾಯಿಯ ಬಳಿ ಇಟ್ಟರೆ ಅದಕ್ಕೆ ಒರಗಿ ಮಲಗುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಿವಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ವೈದ್ಯರ ಬಳಿ ಒಯ್ಯಿರಿ. ಮೈಮೇಲೆ ತಣ್ಣೀರು ಸುರಿಯಬೇಡಿ. ಬೇಸಿಗೆಯಲ್ಲಿ ಮರಿಗಳು ಒಂದಕ್ಕೊಂದು ದೂರ ಚದರಿ ಮಲಗಿದ್ದರೆ ಸೆಕೆಯೆಂದು ತಿಳಿದು ಮೇಲಿನ ಕೂದಲನ್ನು ಸ್ವಲ್ಪ ತೆಗೆದಿಡಿ.

ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಹುಲ್ಲು ಹಾಸಿಗೆಗೂ ಬೇಡ, ಮೇವಿಗೂ ಬೇಡ. ನೀಲಗಿರಿಯವರು ರಾತ್ರಿಯ ಚಳಿಗಾಳಿ ನೇರವಾಗಿ ಪೆಟ್ಟಿಗೆಗೆ ತಾಗದಂತೆ ನೋಡಿಕೊಂಡು ಹುಲ್ಲನ್ನು ದಪ್ಪವಾಗಿ ಹಾಸಬೇಕು.

ಕಾಯಿಲೆ ಬಿದ್ದಾಗ, ತಾಯಿ ಸತ್ತಾಗ

ಮನೆಯ ಔಷಧದ ಡಬ್ಬಿ ತೆರೆಯಬೇಡಿ. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್‌ನಂಥ ಔಷಧ ಬಾಯಿಯ ಮೂಲಕ ಹೊಟ್ಟೆಗೆ ಹೋದರೆ ಮೊಲದ ಕರುಳಿನ ಸೂಕ್ಷ್ಮಜೀವಿಗಳು ನಾಶವಾಗಿ ಪ್ರಾಣವೇ ಹೋಗಬಹುದು. ಬೆಳೆದ ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ನಾಳೆ ನೋಡೋಣ ಎನ್ನದೆ ಪಶುವೈದ್ಯರಲ್ಲಿಗೆ ಹೋಗಿ. ಮರಿಗೆ ನೀರಿನಂಥ ಭೇದಿಯಾದರೆ ಗಂಟೆಗಳ ಲೆಕ್ಕದಲ್ಲಿ ಅಪಾಯ.

ತಾಯಿ ಸತ್ತರೆ ಅಥವಾ ಹಾಲೇ ಇಲ್ಲದಿದ್ದರೆ ಎಲ್ಲಕ್ಕಿಂತ ಉತ್ತಮ ದಾರಿ, ಅದೇ ವಯಸ್ಸಿನ ಮರಿಗಳಿರುವ ಇನ್ನೊಂದು ಮೊಲದ ಗೂಡಿನಲ್ಲಿ ಈ ಮರಿಗಳನ್ನು ಸೇರಿಸುವುದು. ಅದರ ಮರಿಗಳ ಕೂದಲಲ್ಲಿ ಇವನ್ನು ಹೊರಳಾಡಿಸಿ ಇಟ್ಟರೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಅದು ಸಾಧ್ಯವಾಗದಿದ್ದರೆ ಪಶುವೈದ್ಯರು ಹೇಳಿದ ಹಾಲನ್ನು ಹೇಳಿದ ಅಳತೆಯಲ್ಲಿ, ಮರಿಯನ್ನು ನೆಟ್ಟಗೆ ಕೂರಿಸಿ ಹನಿಹನಿಯಾಗಿ ಕೊಡಬೇಕು. ಅಂಗಾತ ಮಲಗಿಸಿ ಎಂದೂ ಕುಡಿಸಬಾರದು. ಕುಡಿಸಿದ ಮೇಲೆ ಒದ್ದೆ ಅರಳೆಯಿಂದ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಸವರಿದರೆ ಮೂತ್ರ ಮಾಡುತ್ತದೆ. ಇಷ್ಟು ಮಾಡಿಯೂ ಹಲವು ಮರಿಗಳು ಉಳಿಯುವುದಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು.

ಎಂಟು ವಾರದ ನಂತರ

ನಿಜವಾದ ಜವಾಬ್ದಾರಿ ಇನ್ನು ಮುಂದೆ. ಚಿಕ್ಕ ತಳಿಯ ಮೊಲ ನಾಲ್ಕು ತಿಂಗಳೊಳಗೇ ಮರಿ ಹಾಕಲು ಸಮರ್ಥವಾಗುತ್ತದೆ. ಅಣ್ಣ ತಂಗಿ, ತಾಯಿ ಮಗ ಎಂಬ ಭೇದ ಅವುಗಳಿಗಿಲ್ಲ. ಎಂಟು ವಾರಕ್ಕೆ ಪಶುವೈದ್ಯರಿಂದ ಗಂಡು ಹೆಣ್ಣು ಗುರುತು ಮಾಡಿಸಿ, ಹತ್ತರಿಂದ ಹನ್ನೆರಡು ವಾರದೊಳಗೆ ಬೇರೆ ಬೇರೆ ಗೂಡಿಗೆ ಹಾಕಲೇಬೇಕು. ಲೆಕ್ಕ ಹಾಕಿ ನೋಡಿ. ಒಂದು ಹೆಣ್ಣು ತಿಂಗಳಿಗೊಮ್ಮೆ ಆರು ಮರಿ ಹಾಕುತ್ತಾ ಹೋದರೆ ವರ್ಷಕ್ಕೆ ಅರುವತ್ತು ದಾಟುತ್ತದೆ. ಯಾವ ಮನೆಯ ಹಿತ್ತಲು ಅಷ್ಟನ್ನು ತಡೆದೀತು?

ಆಗ ಜನ ಎರಡು ದಾರಿ ಹಿಡಿಯುತ್ತಾರೆ. ಮೊದಲನೆಯದು, ಕೇಳಿದವರಿಗೆ ಕೊಟ್ಟುಬಿಡುವುದು. ಒಂದು ಮರಿ ಕೇಳುವವರು ಮಗುವಿಗಾಗಿ ಕೇಳುತ್ತಾರೆ. ಹತ್ತು ಮರಿಗಳನ್ನು ಒಟ್ಟಿಗೆ ಒಯ್ಯುತ್ತೇನೆಂದು ಬರುವವನು ಏತಕ್ಕಾಗಿ ಒಯ್ಯುತ್ತಾನೆಂದು ವಿಚಾರಿಸಬೇಡವೇ? ಮೊಲವನ್ನು ಮಾಂಸಕ್ಕಾಗಿ ಸಾಕುವುದೂ ನಮ್ಮ ಸುತ್ತಮುತ್ತ ನಡೆಯುತ್ತಿದೆ. ನೀರನ್ನೂ ಸೋಸಿ ಕುಡಿಯುವ ಮನೆಯಲ್ಲಿ ಹುಟ್ಟಿದ ಜೀವ ಕಸಾಯಿಯ ಕೈ ಸೇರುವಂತಾದರೆ ಅದರ ಹೊಣೆ ಯಾರದು? ಎರಡನೆಯ ದಾರಿ, ಊರ ಹೊರಗೆ, ಗುಡ್ಡದ ಬಳಿ, ಕ್ಷೇತ್ರದ ಆವರಣದಲ್ಲಿ ಬಿಟ್ಟು ಬರುವುದು. ಅಭಯದಾನ ಮಾಡಿದೆವೆಂದು ಸಮಾಧಾನಪಡುವವರೂ ಇದ್ದಾರೆ. ಆದರೆ ಸಾಕಿದ ಬಿಳಿ ಮೊಲಕ್ಕೆ ಬಯಲಿನಲ್ಲಿ ಅಡಗಲು ಬಾರದು, ಆಹಾರ ಹುಡುಕಲು ಬಾರದು. ಹೆಚ್ಚಿನವು ಕೆಲವೇ ದಿನಗಳಲ್ಲಿ ನಾಯಿಗಳ ಪಾಲಾಗುತ್ತವೆ. ಅಭಯವೇ ಇಲ್ಲದ ಕಡೆ ಬಿಟ್ಟರೆ ಅಭಯದಾನ ಹೇಗಾದೀತು?

ಆದ್ದರಿಂದ ಮರಿ ಹುಟ್ಟುವುದಕ್ಕೆ ಮೊದಲೇ ಯೋಚಿಸುವುದು ಲೇಸು. ಗಂಡು ಹೆಣ್ಣುಗಳನ್ನು ಜೀವನಪೂರ್ತಿ ಬೇರೆ ಇಡುವುದು ಒಂದು ಉಪಾಯ. ಶಸ್ತ್ರಚಿಕಿತ್ಸೆ ಇನ್ನೊಂದು. ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ, ಮೊಲಕ್ಕೆ ಅರಿವಳಿಕೆ ಕೊಟ್ಟು ರೂಢಿಯಿರುವ ವೈದ್ಯರಿಂದಲೇ ಮಾಡಿಸಬೇಕು. ಗಂಡಿಗೆ ಮಾಡಿಸಿದ ಮೇಲೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಬೇರೆಯೇ ಇಡಬೇಕು. ಪ್ರಾಣಿಯ ದೇಹಕ್ಕೆ ಕತ್ತರಿ ಹಾಕುವುದು ಸರಿಯೇ ಎಂದು ಕೆಲವು ಹಿರಿಯರಿಗೆ ಅನುಮಾನವಿರಬಹುದು. ಅದು ಆಯಾ ಮನೆಯವರು ಕುಳಿತು ನಿರ್ಧರಿಸಬೇಕಾದ ವಿಷಯ. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ, ಶಸ್ತ್ರಚಿಕಿತ್ಸೆಯಿಂದ ಅದು ತಪ್ಪುತ್ತದೆ ಎಂಬುದನ್ನೂ ಆಗ ಗಮನಕ್ಕೆ ತಂದುಕೊಳ್ಳಬೇಕು. ಎರಡೂ ಆಗದೆಂದರೆ ಜೋಡಿ ತರಬೇಡಿ.

ಮರಿಯನ್ನು ಬೇರೆ ಮನೆಗೆ ಕೊಡುವಾಗ ಹೆಣ್ಣು ಕೊಡುವಷ್ಟೇ ವಿಚಾರಿಸಿ. ಮನೆ ನೋಡಿ, ಒಮ್ಮೆಗೆ ಒಂದೋ ಎರಡೋ ಕೊಡಿ, ಎರಡಾದರೆ ಒಂದೇ ಲಿಂಗದವು ಕೊಡಿ. ಮೊಲದ ಆಯುಷ್ಯ ಎಂಟು ಹತ್ತು ವರ್ಷ. ಇಂದು ಎಂಟು ವರ್ಷದ ಹುಡುಗಿ ಆ ಹೊತ್ತಿಗೆ ಕಾಲೇಜಿಗೆ ಹೋಗಿರುತ್ತಾಳೆ. ಮೊಲ ಅವಳ ತಾಯಿಯ ಪಾಲಿಗೆ ಉಳಿದಿರುತ್ತದೆ. ಕುಂಥಲಗಿರಿಗೋ ಶ್ರವಣಬೆಳಗೊಳಕ್ಕೋ ಮನೆಮಂದಿಯೆಲ್ಲ ಹೊರಟಾಗ ಅದಕ್ಕೆ ನೀರು ಹಾಕುವವರು ಯಾರು ಎಂಬುದನ್ನೂ ತರುವ ದಿನವೇ ಗೊತ್ತು ಮಾಡಿಕೊಳ್ಳಬೇಕು.

ಹೊಲದಲ್ಲಿ ಸಿಕ್ಕ ಮರಿ

ಕೊನೆಗೊಂದು ಮಾತು. ಹೊಲಗದ್ದೆಗಳಿರುವ ಮನೆಗಳವರಿಗೆ ಸುಗ್ಗಿಯಲ್ಲಿ ಕಾಡುಮೊಲದ ಮರಿ ಸಿಗುವುದುಂಟು. ನಮ್ಮ ನಾಡಿನ ಆ ಮೊಲ ಬೇರೆಯೇ ಜಾತಿ. ಅದು ಬಿಲ ತೋಡುವುದಿಲ್ಲ; ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ತಾಯಿ ಅದನ್ನು ಹುಲ್ಲಿನಲ್ಲಿ ಅಡಗಿಸಿ ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ಒಂಟಿಯಾಗಿ ಕುಳಿತ ಮರಿ ಅನಾಥವಲ್ಲ. ಮನೆಗೆ ತಂದರೆ ಬದುಕುವುದು ಅಪರೂಪ, ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿದಿಡುವುದು ಅಪರಾಧ. ಕುಯ್ಲಿನ ನಡುವೆ ಸಿಕ್ಕರೆ ಹತ್ತಿರದ ಬದುವಿನ ಹುಲ್ಲಿನ ಮರೆಗೆ ಸರಿಸಿ, ಆಳುಗಳಿಗೆ ತಿಳಿಸಿ, ನಾಯಿಗಳನ್ನು ದೂರವಿಡಿ. ಸಂಜೆಗೆ ತಾಯಿ ಬಂದು ನೋಡಿಕೊಳ್ಳುತ್ತದೆ.

ಮನೆಯಲ್ಲಿ ಮೊಲ ಸಾಕಿರುವ ಬಂಧುಗಳು ತಮ್ಮ ಪ್ರಶ್ನೆಗಳನ್ನು ಮರಿಯ ವಯಸ್ಸು, ತೂಕ, ಕೊಡುತ್ತಿರುವ ಆಹಾರದ ವಿವರದೊಂದಿಗೆ ನಮಗೆ ಬರೆಯಬಹುದು. ಆದರೆ ಮರಿ ಕಾಯಿಲೆ ಬಿದ್ದಿದ್ದರೆ ನಮ್ಮ ಉತ್ತರಕ್ಕೆ ಕಾಯಬೇಡಿ, ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ.